ರಾಷ್ಟ್ರಾಧ್ಯಕ್ಷರ ವಾಗ್ದಾನವೂ ಶ್ರಮಿಕರ ಮತವೂ



ದುಡಿಮೆಯನ್ನೇ ಧರ್ಮವೆಂದು ಬಾಳಿದ ಹಿರಿಯರೊಬ್ಬರ ಸ್ಮರಣೆಗಾಗಿ ಏರ್ಪಟ್ಟಿರುವ ಈ ದತ್ತಿಯ ಉಪನ್ಯಾಸವನ್ನು ಮಾಡಬೇಕೆಂದು ಸಂಸ್ಥೆಯವರು ಅಪ್ಪಣೆ ಕೊಟ್ಟಾಗ, ಆ ಸ್ಮರಣೆಗೆ ಸಲ್ಲುವಂಥ ವಿಷಯ ಯಾವುದಾದೀತೆಂದು ಆಲೋಚಿಸಿ, ಅಮೆರಿಕದಲ್ಲಿ ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಅಧ್ಯಕ್ಷ ಚುನಾವಣೆಗೂ ಅಲ್ಲಿಯ ಶ್ರಮಿಕ ವರ್ಗಕ್ಕೂ ಕಳೆದ ತೊಂಬತ್ತು ವರ್ಷಗಳಲ್ಲಿ ಬೆಳೆದು, ಬಲಿತು, ಕೊನೆಗೆ ಹಳಸಿದ ಸಂಬಂಧವನ್ನು ಆರಿಸಿಕೊಂಡಿದ್ದೇನೆ. ದೂರದ ದೇಶದ ಕಥೆ ನಮಗೇಕೆ ಎಂದು ಕೇಳುವವರಿದ್ದರೆ ಅವರಿಗೊಂದು ಸಂಗತಿಯನ್ನು ನೆನಪುಮಾಡಿಕೊಡುತ್ತೇನೆ. 2009ರ ಮೇ ತಿಂಗಳಲ್ಲಿ ಅಧ್ಯಕ್ಷ ಬರಾಕ್ ಒಬಾಮ ಅವರು ತಮ್ಮ ದೇಶದ ತೆರಿಗೆಯ ಪದ್ಧತಿಯನ್ನು ಖಂಡಿಸುತ್ತ, ನ್ಯೂಯಾರ್ಕ್ ಸಂಸ್ಥಾನದ ಬಫಲೋದಲ್ಲಿ ಉದ್ಯೋಗ ಕಲ್ಪಿಸಿದವನಿಗಿಂತ ಬೆಂಗಳೂರಿನಲ್ಲಿ ಕಲ್ಪಿಸಿದವನಿಗೆ ಕಡಿಮೆ ತೆರಿಗೆ ಬೀಳುತ್ತದೆಂದು ಆಡಿದರು. ಆದರೆ ಬಫಲೋದ ಅಂಚಿಗಿರುವ ಲ್ಯಾಕವಾನ್ನದಲ್ಲಿ ಬೆತ್ಲೆಹೆಮ್ ಸ್ಟೀಲ್ ಕಂಪೆನಿಯ ಮಹಾಕಾರ್ಖಾನೆ ಉಕ್ಕು ಕರಗಿಸುವುದನ್ನು ನಿಲ್ಲಿಸಿದುದು 1983ರಲ್ಲಿ. ಇನ್ಫೋಸಿಸ್ ಕಂಪೆನಿ ಪುಣೆಯಿಂದ ಬೆಂಗಳೂರಿಗೆ ಬಂದು ನೆಲೆಸಿದುದೇ ಆ ವರ್ಷ. ಅಲ್ಲಿಯ ಕುಲುಮೆ ಆರಿಹೋದುದಕ್ಕೂ ನಮ್ಮ ಊರಿನ ಮಕ್ಕಳ ಗಣಕವಿದ್ಯೆಗೂ ಕಾರ್ಯಕಾರಣ ಸಂಬಂಧವಿರಲಿಲ್ಲ. ದೂರದ ಊರೊಂದನ್ನು ಹೆಸರಿಸಿದಾಗ ಹತ್ತಿರದ ಪ್ರಶ್ನೆಯೊಂದು ಮರೆಯಾಗುತ್ತದೆ. ಆ ಹತ್ತಿರದ ಪ್ರಶ್ನೆಯೇ ಇಂದಿನ ನನ್ನ ವಿಷಯ.

ಈ ವಿಷಯದಲ್ಲಿ ನಾನು ತಟಸ್ಥನಲ್ಲವೆಂಬುದನ್ನು ಮೊದಲಿಗೇ ಅರಿಕೆ ಮಾಡುತ್ತೇನೆ. ದುಡಿಯುವವರು ಸಂಘ ಕಟ್ಟಿಕೊಂಡು, ಒಡೆಯರೊಡನೆ ಸಮಾನರಾಗಿ ಕುಳಿತು, ಸಂಬಳ ಸವಲತ್ತುಗಳ ಕರಾರು ಮಾಡಿಕೊಳ್ಳುವ ಹಕ್ಕು ಪ್ರಜಾಪ್ರಭುತ್ವದ ಅಲಂಕಾರವಾಗಿರದೆ ಅದರ ಅಸ್ತಿಭಾರವೇ ಆಗಿದೆಯೆಂದು ನಂಬಿದವನು ನಾನು. ಆ ನಂಬಿಕೆಯ ಮೂಲಕ ನೋಡಿದಾಗ ಅಮೆರಿಕದ ಎರಡು ದೊಡ್ಡ ಪಕ್ಷಗಳ ಪೈಕಿ ಡೆಮಾಕ್ರಟಿಕ್ ಪಕ್ಷದ ಕಡೆಗೇ ನನ್ನ ಒಲವು. ಆ ಒಲವಿನ ಬಲದಿಂದಲೇ ಆ ಪಕ್ಷದ ಮೇಲೆ ನನ್ನ ಆರೋಪವೂ ಕಟುವಾಗಿದೆ.

1

ಈ ಸಂಬಂಧ ಗಟ್ಟಿಯಾದುದು ಫ್ರಾಂಕ್ಲಿನ್ ರೂಸ್‌ವೆಲ್ಟರ ಕಾಲದಲ್ಲಿ. 1933ರಲ್ಲಿ ಅವರು ಅಧಿಕಾರವನ್ನು ವಹಿಸಿಕೊಂಡಾಗ ದೇಶದ ದುಡಿಯುವ ಜನರಲ್ಲಿ ನಾಲ್ವರಿಗೊಬ್ಬರು ಕೆಲಸವಿಲ್ಲದೆ ಕುಳಿತಿದ್ದರು. ಅವರ ಸಂಪುಟದಲ್ಲಿ ಕಾರ್ಮಿಕ ಖಾತೆಯನ್ನು ಹೊತ್ತ ಫ್ರಾನ್ಸಿಸ್ ಪರ್ಕಿನ್ಸ್ ಅವರು ಆ ದೇಶದ ಮೊತ್ತಮೊದಲ ಮಹಿಳಾ ಮಂತ್ರಿ; 1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಉಡುಪು ಕಾರ್ಖಾನೆಗೆ ಬೆಂಕಿ ಬಿದ್ದು 146 ಮಂದಿ, ಅವರಲ್ಲಿ ಬಹುಪಾಲು ಹರೆಯದ ಹೆಣ್ಣುಮಕ್ಕಳು, ಸತ್ತುದನ್ನು ಬೀದಿಯಲ್ಲಿ ನಿಂತು ಕಣ್ಣಾರೆ ಕಂಡ ಹೆಂಗಸು ಆಕೆ. ಬೀಗ ಹಾಕಿದ್ದ ಬಾಗಿಲುಗಳ ಹಿಂದೆ ಸುಟ್ಟುಹೋದ ಆ ಜೀವಗಳು ಆಕೆಯ ಮನಸ್ಸಿನಿಂದ ಎಂದೂ ಮಾಸಲಿಲ್ಲ. 1935ರಲ್ಲಿ ವೃದ್ಧಾಪ್ಯದ ಪಿಂಚಣಿಯನ್ನೂ ನಿರುದ್ಯೋಗ ವಿಮೆಯನ್ನೂ ಕೊಟ್ಟ ಸಾಮಾಜಿಕ ಭದ್ರತೆಯ ಶಾಸನದ ಹಿಂದೆಯೂ, 1938ರಲ್ಲಿ ಗಂಟೆಗೆ 25 ಸೆಂಟಿನ ಕನಿಷ್ಠ ಕೂಲಿಯನ್ನು ನಿಗದಿಮಾಡಿ ಮಕ್ಕಳ ದುಡಿತಕ್ಕೆ ಕಡಿವಾಣ ಹಾಕಿದ ಶಾಸನದ ಹಿಂದೆಯೂ ಆಕೆಯ ಶ್ರಮವಿತ್ತು.

ಇವೆಲ್ಲಕ್ಕಿಂತ ಮಿಗಿಲಾದುದು 1935ರ ಜುಲೈ 5ರಂದು ಅಂಕಿತ ಬಿದ್ದ ವ್ಯಾಗ್ನರ್ ಶಾಸನ. ಒಂದು ಕಾರ್ಖಾನೆಯ ಕೆಲಸಗಾರರಲ್ಲಿ ಬಹುಮತದವರು ಸಂಘವೊಂದನ್ನು ಆರಿಸಿಕೊಂಡರೆ ಮಾಲೀಕನು ಆ ಸಂಘದೊಡನೆ ಮಾತುಕತೆಗೆ ಕುಳಿತುಕೊಳ್ಳಲೇಬೇಕು, ಸಂಘಕ್ಕೆ ಸೇರಿದನೆಂಬ ಕಾರಣಕ್ಕೆ ಯಾರನ್ನೂ ಕೆಲಸದಿಂದ ತೆಗೆಯಕೂಡದು ಎಂದು ಅದು ವಿಧಿಸಿತು. ಆದರೆ ಇದನ್ನು ಅರಮನೆಯಿಂದ ಬಂದ ಪ್ರಸಾದವೆಂದು ಭಾವಿಸುವುದು ತಪ್ಪಾದೀತು. ಹಿಂದಿನ ವರ್ಷ, ಎಂದರೆ 1934ರಲ್ಲಿ, ಟೊಲೀಡೋದ ಮೋಟಾರು ಬಿಡಿಭಾಗಗಳ ಕೆಲಸಗಾರರೂ, ಮಿನಿಯಾಪೊಲಿಸ್ಸಿನ ಲಾರಿ ಚಾಲಕರೂ, ಸ್ಯಾನ್‌ಫ್ರಾನ್ಸಿಸ್ಕೋದ ಹಡಗುಕಟ್ಟೆಯ ಕೂಲಿಗಳೂ ಲಾಠಿ ಗುಂಡುಗಳನ್ನು ಎದುರಿಸಿ ನಡೆಸಿದ ಮುಷ್ಕರಗಳ ಒತ್ತಡವಿಲ್ಲದಿದ್ದರೆ ಆ ಮಸೂದೆ ಕಡತದಿಂದ ಮೇಲೇಳುತ್ತಿರಲಿಲ್ಲ. ಕೆಳಗಿನಿಂದ ಎದ್ದ ಒತ್ತಡವೂ ಮೇಲಿನಿಂದ ಬಂದ ಶಾಸನವೂ ಒಂದಕ್ಕೊಂದು ಆಸರೆಯಾದ ಅಪೂರ್ವ ಘಳಿಗೆ ಅದು. 1936ರ ಚುನಾವಣೆಯಲ್ಲಿ ಗಣಿ ಕೆಲಸಗಾರರ ಸಂಘ ರೂಸ್‌ವೆಲ್ಟರ ಪಕ್ಷಕ್ಕೆ ಐದು ಲಕ್ಷ ಡಾಲರುಗಳಷ್ಟು ಹಣವನ್ನು ಸಲ್ಲಿಸಿತು. 48 ಸಂಸ್ಥಾನಗಳಲ್ಲಿ 46 ಅವರಿಗೆ ಒಲಿದುವು. ಆ ವರ್ಷದ ಡಿಸೆಂಬರ್ 30ರಂದು ಮಿಷಿಗನ್ನಿನ ಫ್ಲಿಂಟ್ ಪಟ್ಟಣದಲ್ಲಿ ಜನರಲ್ ಮೋಟರ್ಸ್ ಕಾರ್ಖಾನೆಯ ಕೆಲಸಗಾರರು ಯಂತ್ರಗಳ ಪಕ್ಕದಲ್ಲೇ ಕುಳಿತು ಮುಷ್ಕರ ಹೂಡಿದಾಗ, ಗವರ್ನರ್ ಫ್ರಾಂಕ್ ಮರ್ಫಿ ಅವರು ಸೈನ್ಯವನ್ನು ಕರೆಸಿದರೂ ಅದನ್ನು ಕೆಲಸಗಾರರ ಮೇಲೆ ಛೂ ಬಿಡಲು ಒಪ್ಪಲಿಲ್ಲ. ನಲವತ್ತನಾಲ್ಕು ದಿನಗಳ ಬಳಿಕ ಜಗತ್ತಿನ ಬಲಿಷ್ಠ ಕಂಪೆನಿಗಳಲ್ಲೊಂದು ಕೆಲಸಗಾರರ ಸಂಘವನ್ನು ಮಾನ್ಯಮಾಡಿತು. ಮತ ಹಾಕಿದುದರ ಫಲ ಏನೆಂಬುದು ಆ ಚಳಿಗಾಲದಲ್ಲಿ ಪ್ರತಿ ಕೆಲಸಗಾರನ ಮನೆಗೂ ತಿಳಿಯಿತು.

ಆ ಸೌಧದ ಬುನಾದಿಯಲ್ಲಿ ಒಂದು ಬಿರುಕು ಮೊದಲಿನಿಂದಲೂ ಇದ್ದಿತೆಂಬುದನ್ನು ಮುಚ್ಚಿಡಲಾಗದು. ಹೊಲದ ಕೂಲಿಯವರನ್ನೂ ಮನೆಗೆಲಸದವರನ್ನೂ ವ್ಯಾಗ್ನರ್ ಶಾಸನ ಹೊರಗಿಟ್ಟಿತು. ಸಾಮಾಜಿಕ ಭದ್ರತೆಯೂ ಆರಂಭದಲ್ಲಿ ಅವರನ್ನು ಒಳಗೊಳ್ಳಲಿಲ್ಲ. ದಕ್ಷಿಣದ ಕಪ್ಪುಜನರಲ್ಲಿ ಬಹುಪಾಲಿನವರ ಜೀವನೋಪಾಯ ಆ ಎರಡೇ ಆಗಿದ್ದುವು. ತೋಟದೊಡೆಯರ ಹಿತವನ್ನು ಕಾಯುತ್ತಿದ್ದ ದಕ್ಷಿಣದ ಡೆಮಾಕ್ರಟಿಕ್ ಪ್ರತಿನಿಧಿಗಳ ಮತವಿಲ್ಲದೆ ಯಾವ ಶಾಸನವೂ ಸಾಗದಿದ್ದ ಕಾಲ ಅದು. ಈ ಬಿರುಕೇ ಮುಂದೆ ಗೋಡೆಯನ್ನು ಸೀಳಿತು.

2

1946ರ ಚುನಾವಣೆಯಲ್ಲಿ ಕಾಂಗ್ರೆಸ್ಸು, ಎಂದರೆ ಅಲ್ಲಿಯ ಶಾಸನಸಭೆ, ರಿಪಬ್ಲಿಕನ್ ಪಕ್ಷದ ಕೈಸೇರಿತು. ಮರುವರ್ಷ ಜೂನ್ ತಿಂಗಳಲ್ಲಿ, ಅಧ್ಯಕ್ಷ ಹ್ಯಾರಿ ಟ್ರೂಮನ್ನರು ನಿರಾಕರಿಸಿ ಹಿಂತಿರುಗಿಸಿದ ಮಸೂದೆಯನ್ನು ಮೂರರಲ್ಲೆರಡು ಪಾಲಿಗೂ ಮಿಕ್ಕ ಮತಗಳಿಂದ ಮತ್ತೆ ಅಂಗೀಕರಿಸಿ ಅದು ಶಾಸನ ಮಾಡಿತು. ಟ್ಯಾಫ್ಟ್-ಹಾರ್ಟ್ಲಿ ಶಾಸನವೆಂದು ಹೆಸರಾದ ಅದು ಒಂದು ಸಂಘದವರು ಇನ್ನೊಂದು ಸಂಘದ ಮುಷ್ಕರಕ್ಕೆ ಬೆಂಬಲವಾಗಿ ನಿಲ್ಲುವ ದಾರಿಗಳನ್ನು ಕಟ್ಟಿತು. ಸಂಘದ ಮುಖಂಡರು ತಾವು ಕಮ್ಯೂನಿಸ್ಟರಲ್ಲವೆಂದು ಪ್ರಮಾಣಪತ್ರ ಬರೆದುಕೊಡಬೇಕೆಂದು ವಿಧಿಸಿತು. ಎಲ್ಲಕ್ಕಿಂತ ಮುಖ್ಯವಾಗಿ, ಸಂಘ ಗಳಿಸಿಕೊಟ್ಟ ಕರಾರಿನ ಫಲವನ್ನು ಉಣ್ಣುವವರೆಲ್ಲರೂ ಸಂಘಕ್ಕೆ ಚಂದಾ ಸಲ್ಲಿಸಲೇಬೇಕೆಂಬ ಒಪ್ಪಂದವನ್ನು ಯಾವ ಸಂಸ್ಥಾನ ಬೇಕಾದರೂ ನಿಷೇಧಿಸಬಹುದೆಂದು ಅನುಮತಿಯಿತ್ತಿತು. ಇಂದು 26 ಸಂಸ್ಥಾನಗಳಲ್ಲಿ ಅಂಥ ನಿಷೇಧವಿದೆ. ಸಂಘದ ಬೇರಿಗೆ ನೀರು ಹೋಗದಂತೆ ಮಾಡುವ ಉಪಾಯ ಅದು. ಮರ ಒಂದೇ ದಿನ ಬೀಳದಿದ್ದರೂ ಒಣಗುವುದು ನಿಶ್ಚಯ.

1948ರಲ್ಲಿ ಟ್ರೂಮನ್ನರ ಗೆಲುವನ್ನು ಯಾರೂ ನಂಬಿರಲಿಲ್ಲ. ಅವರ ಪಕ್ಷವೇ ಮೂರು ಹೋಳಾಗಿತ್ತು. ಎಡಕ್ಕೆ ಹೆನ್ರಿ ವ್ಯಾಲೇಸ್, ಬಲಕ್ಕೆ ವರ್ಣಭೇದದ ಧ್ವಜ ಹಿಡಿದ ಸ್ಟ್ರಾಮ್ ಥರ್ಮಂಡ್ ಸಿಡಿದು ನಿಂತಿದ್ದರು. ಆಗ ಟ್ರೂಮನ್ನರು ಫರ್ಡಿನಾಂಡ್ ಮೆಗಲನ್ ಎಂಬ ಹೆಸರಿನ ರೈಲುಗಾಡಿಯ ಡಬ್ಬಿಯನ್ನು ಮನೆ ಮಾಡಿಕೊಂಡು ದೇಶದ ಉದ್ದಗಲಗಳನ್ನು ಸುತ್ತಿದರು. ರೈಲು ಸಣ್ಣ ಊರೊಂದರ ನಿಲ್ದಾಣದಲ್ಲಿ ನಿಲ್ಲುವುದು. ಊರ ಶಾಲೆಯ ಹುಡುಗರು ವಾದ್ಯ ಬಾರಿಸುವರು. ಡಬ್ಬಿಯ ಹಿಂಬದಿಯ ಮೊಗಸಾಲೆಗೆ ಟ್ರೂಮನ್ನರು ಬಂದು, ಆ ಊರಿನ ಬೆಳೆಯ ಬೆಲೆ, ಅಲ್ಲಿಯ ಮನೆಗಳ ಅಭಾವ, ಅಲ್ಲಿಯ ಕಾರ್ಖಾನೆಯ ಸಂಗತಿ ಇವನ್ನು ಹೆಸರು ಹಿಡಿದು ಹೇಳಿ, ಅವುಗಳ ಬಗ್ಗೆ ಕಾಂಗ್ರೆಸ್ಸು ಮಾಡಿದ್ದೇನು, ಮಾಡದೆ ಬಿಟ್ಟದ್ದೇನು ಎಂಬುದನ್ನು ಮನೆಯ ಜಗಲಿಯ ಮೇಲೆ ಕುಳಿತವರಂತೆ ವಿವರಿಸಿ, ಕೊನೆಗೆ ಹೆಂಡತಿಯನ್ನೂ ಮಗಳನ್ನೂ ಕರೆದು ಪರಿಚಯ ಮಾಡಿಕೊಡುವರು. ಆ ಸರಳತೆಯ ಹಿಂದೆ ದೊಡ್ಡ ಪರಿಶ್ರಮವಿತ್ತು: ಊರೂರಿನ ವಿವರಗಳನ್ನು ಕಲೆಹಾಕಿ ರೈಲಿಗೆ ಮುಟ್ಟಿಸಲು ವಾಷಿಂಗ್‌ಟನ್ನಿನಲ್ಲಿ ಪಕ್ಷದ ತರುಣರ ತಂಡವೊಂದು ಹಗಲಿರುಳು ದುಡಿಯುತ್ತಿತ್ತು. ಸೆಪ್ಟೆಂಬರ್ 6ರ ಕಾರ್ಮಿಕ ದಿನದಂದು ಡೆಟ್ರಾಯಿಟ್ ನಗರದ ಕ್ಯಾಡಿಲ್ಯಾಕ್ ಚೌಕದಲ್ಲಿ ಕಿಕ್ಕಿರಿದ ಕೆಲಸಗಾರರ ಮುಂದೆ ಅವರು ಮಾತನಾಡಿ, ಟ್ಯಾಫ್ಟ್-ಹಾರ್ಟ್ಲಿ ಶಾಸನ ಬರಿಯ ಮುನ್ಸೂಚನೆ, ಪ್ರತಿಪಕ್ಷ ಅಧಿಕಾರಕ್ಕೆ ಬಂದರೆ ಇನ್ನೂ ಬಿರುಸಾದ ಪೆಟ್ಟುಗಳು ಕಾದಿವೆ ಎಂದು ಎಚ್ಚರಿಸಿದರು. ಎರಡು ವರ್ಷದ ಹಿಂದೆ ಮತ ಹಾಕದೆ ಮನೆಯಲ್ಲಿ ಕುಳಿತವರನ್ನೂ ಆ ಪ್ರಚಾರದುದ್ದಕ್ಕೂ ಅವರು ದಾಕ್ಷಿಣ್ಯವಿಲ್ಲದೆ ಗದರಿಸಿದರು. ಹೊಗಳಿಕೆಗಿಂತ ಆ ಗದರಿಕೆಯಲ್ಲಿ ಹೆಚ್ಚಿನ ಗೌರವವಿತ್ತು.

ಅವರ ಎದುರಾಳಿ, ನ್ಯೂಯಾರ್ಕಿನ ಗವರ್ನರ್ ಥಾಮಸ್ ಡ್ಯೂಯಿ, ಸಮರ್ಥರು, ಶುದ್ಧಹಸ್ತರು. ಅವರ ಮಾತಿನಲ್ಲಿ ಐಕ್ಯ, ಉನ್ನತಿ, ಭವಿಷ್ಯ ಎಂಬ ದೊಡ್ಡ ಪದಗಳು ತುಂಬಿದ್ದುವು. ಅಕ್ಟೋಬರ್ ತಿಂಗಳಲ್ಲಿ ಇಲಿನಾಯ್ ಸಂಸ್ಥಾನದ ಬೂಕೂ ಎಂಬ ಹಳ್ಳಿಯಲ್ಲಿ ಅವರು ಭಾಷಣ ಪ್ರಾರಂಭಿಸುತ್ತಿರುವಾಗ ರೈಲು ಒಮ್ಮೆಲೆ ಗುಂಪಿನ ಕಡೆಗೆ ಕೆಲವಡಿ ಹಿಂದಕ್ಕೆ ಸರಿಯಿತು. ಯಾರಿಗೂ ಗಾಯವಾಗಲಿಲ್ಲ. ಆದರೆ ಡ್ಯೂಯಿ ಅವರು ಬೆದರಿ, ಈ ಚಾಲಕನೊಬ್ಬ ತಲೆಕೆಟ್ಟವನು, ಮುಂಜಾವದಲ್ಲಿ ನಿಲ್ಲಿಸಿ ಗುಂಡಿಕ್ಕಬೇಕಾದವನು, ಯಾರಿಗೂ ಪೆಟ್ಟಾಗದುದರಿಂದ ಬಿಟ್ಟುಬಿಡೋಣ ಎಂಬರ್ಥದ ಮಾತನ್ನು ಧ್ವನಿವರ್ಧಕದ ಮುಂದೆಯೇ ಆಡಿದರು. ದಿನವಿಡೀ ತನ್ನನ್ನು ಹೊತ್ತು ನಡೆಸುವ ಕೆಲಸಗಾರನ ವಿಷಯದಲ್ಲಿ ಅಭ್ಯರ್ಥಿಯ ಮನಸ್ಸಿನ ತಳದಲ್ಲಿ ಏನಿದೆಯೆಂಬುದನ್ನು ಆ ಒಂದು ವಾಕ್ಯ ಬಯಲುಮಾಡಿತು; ಟ್ರೂಮನ್ನರು ಅದನ್ನು ಊರೂರಿಗೆ ಒಯ್ದರು. ನವೆಂಬರಿನಲ್ಲಿ ಡ್ಯೂಯಿ ಗೆದ್ದರೆಂದು ಚಿಕಾಗೋ ಟ್ರಿಬ್ಯೂನ್ ಪತ್ರಿಕೆ ದಪ್ಪಕ್ಷರಗಳಲ್ಲಿ ಅಚ್ಚುಹಾಕಿಯೂ ಬಿಟ್ಟಿತು. ಎಣಿಕೆ ಮುಗಿದಾಗ ಟ್ರೂಮನ್ನರಿಗೆ 303, ಡ್ಯೂಯಿ ಅವರಿಗೆ 189, ಥರ್ಮಂಡರಿಗೆ 39 ಚುನಾಯಕ ಮತಗಳು ದೊರೆತಿದ್ದುವು. ಕಾಂಗ್ರೆಸ್ಸಿನ ಎರಡು ಸದನಗಳೂ ಡೆಮಾಕ್ರಟಿಕ್ ಪಕ್ಷಕ್ಕೆ ಮರಳಿದುವು.

3

ಇಷ್ಟೆಲ್ಲ ಆದ ಮೇಲೆ ನಡೆದುದೇನು? 1949ರಲ್ಲಿ ಟ್ಯಾಫ್ಟ್-ಹಾರ್ಟ್ಲಿ ಶಾಸನವನ್ನು ರದ್ದುಪಡಿಸುವ ಯತ್ನ ನಡೆಯಿತು. ದಕ್ಷಿಣದ ಡೆಮಾಕ್ರಟರು ರಿಪಬ್ಲಿಕನ್ನರೊಡನೆ ಕೂಡಿ ಅದನ್ನು ಸೋಲಿಸಿದರು. 1965ರಲ್ಲಿ, ಲಿಂಡನ್ ಜಾನ್ಸನ್ನರಿಗೆ ಎರಡು ಸದನಗಳಲ್ಲಿಯೂ ಭಾರಿ ಬಹುಮತವಿದ್ದಾಗ, ಆ ಶಾಸನದ ಅತಿ ಹಾನಿಕರವಾದ ವಿಧಿಯೊಂದನ್ನಾದರೂ ತೆಗೆಯುವ ಮಸೂದೆ ಪ್ರತಿನಿಧಿ ಸಭೆಯನ್ನು ದಾಟಿ ಸೆನೆಟ್ಟಿನಲ್ಲಿ ಮುಗಿಯದ ಭಾಷಣಗಳ ಅಡ್ಡಗೋಡೆಗೆ ಬಡಿದು ಬಿದ್ದಿತು. 1978ರಲ್ಲಿ, ಜಿಮ್ಮಿ ಕಾರ್ಟರರ ಕಾಲದಲ್ಲಿ, ಶಾಸನವನ್ನು ಮುರಿಯುವ ಮಾಲೀಕರಿಗೆ ಬಿಸಿ ಮುಟ್ಟಿಸುವ ಮಸೂದೆ ಅದೇ ಸೆನೆಟ್ಟಿನಲ್ಲಿ, ಅದೇ ತಂತ್ರದಿಂದ, ಕೆಲವೇ ಮತಗಳ ಕೊರತೆಯಿಂದ ಸತ್ತಿತು. ಇದೇ ಉದ್ದೇಶದ 2009ರ ಮಸೂದೆ ಸೆನೆಟ್ಟಿನಲ್ಲಿ ಮತಕ್ಕೇ ಬರಲಿಲ್ಲ. 2021ರ ಮಾರ್ಚ್ ತಿಂಗಳಲ್ಲಿ ಪ್ರತಿನಿಧಿ ಸಭೆ ಅಂಗೀಕರಿಸಿದ ಮಸೂದೆಗೂ ಅದೇ ಗತಿಯಾಯಿತು. ಚುನಾವಣೆಯ ಕಾಲದಲ್ಲಿ ಸಂಘದ ಸಭಾಂಗಣಗಳಲ್ಲಿ ಮತ್ತೆ ಮತ್ತೆ ಕೊಟ್ಟ ಈ ಮಾತು, ಅಧಿಕಾರದ ಕಾಲದಲ್ಲಿ ಎಂದೂ ಮೊದಲ ಪಂಕ್ತಿಯಲ್ಲಿ ಕುಳಿತುಕೊಳ್ಳಲಿಲ್ಲ. ಐದು ಬಾರಿಯೂ ಶತ್ರುಗಳು ವಿರೋಧಿಸಿದರು, ಸರಿ. ಮಿತ್ರರು ಅದಕ್ಕಾಗಿ ತಮ್ಮ ಸರ್ವಸ್ವವನ್ನೂ ಪಣಕ್ಕೊಡ್ಡಿದುದು ಯಾವ ಸಲ ಎಂಬುದು ನನ್ನ ಪ್ರಶ್ನೆ.

ಅದರ ಫಲವನ್ನು ಅಂಕಿಗಳೇ ಹೇಳುತ್ತವೆ. 1950ರ ದಶಕದ ನಡುವೆ ಸಂಬಳಗಾರರಲ್ಲಿ ಸುಮಾರು ಮೂರನೆಯ ಒಂದು ಪಾಲು ಸಂಘಗಳಲ್ಲಿದ್ದರು. 2024ರಲ್ಲಿ ನೂರಕ್ಕೆ ಹತ್ತು ಮಂದಿಯೂ ಇರಲಿಲ್ಲ, ಖಾಸಗಿ ಉದ್ಯಮಗಳಲ್ಲಂತೂ ಸುಮಾರು ಆರು. ವ್ಯಾಗ್ನರ್ ಶಾಸನ ಇಂದಿಗೂ ಪುಸ್ತಕದಲ್ಲಿದೆ. ಆದರೆ ಸಂಘ ಕಟ್ಟಲು ಹೊರಟವನನ್ನು ಅನ್ಯಾಯವಾಗಿ ತೆಗೆದುಹಾಕಿದ ಮಾಲೀಕನಿಗೆ ಅದು ದಂಡ ವಿಧಿಸುವುದಿಲ್ಲ. ವರ್ಷಗಟ್ಟಲೆ ವಿಚಾರಣೆ ನಡೆದ ಬಳಿಕ ಬಾಕಿ ಸಂಬಳ ಕೊಡಬೇಕು. ಅದರಲ್ಲಿಯೂ ಆ ಮಧ್ಯೆ ಆತ ಬೇರೆಡೆ ದುಡಿದುದನ್ನು ಕಳೆಯಲಾಗುತ್ತದೆ. ಅಷ್ಟರಲ್ಲಿ ಉಳಿದವರ ಎದೆಯಲ್ಲಿ ಭಯ ಬೇರೂರಿರುತ್ತದೆ. 2022ರ ಏಪ್ರಿಲ್ 1ರಂದು ನ್ಯೂಯಾರ್ಕಿನ ಸ್ಟೇಟನ್ ಐಲೆಂಡಿನಲ್ಲಿ ಅಮೆಜಾನ್ ಕಂಪೆನಿಯ ಉಗ್ರಾಣದ ಕೆಲಸಗಾರರು ಮತದಾನದಲ್ಲಿ ಗೆದ್ದು ಸಂಘ ಸ್ಥಾಪಿಸಿಕೊಂಡರು. ವರ್ಷಗಳು ಉರುಳಿದರೂ ಕಂಪೆನಿ ಅವರೊಡನೆ ಕರಾರಿಗೆ ಕುಳಿತುಕೊಳ್ಳಲಿಲ್ಲ.

ಪ್ರತಿಪಕ್ಷ ಈ ನಡುವೆ ಸುಮ್ಮನಿರಲಿಲ್ಲ. 1970ರ ಮೇ 8ರಂದು ನ್ಯೂಯಾರ್ಕಿನಲ್ಲಿ ಕಟ್ಟಡ ಕೆಲಸಗಾರರು ಯುದ್ಧವಿರೋಧಿ ವಿದ್ಯಾರ್ಥಿಗಳ ಮೇಲೆ ಬಿದ್ದಾಗ, ಕಾಲೇಜು ಕಂಡವರಿಗೂ ಕಾಣದವರಿಗೂ ನಡುವೆ ತೆರೆದಿದ್ದ ಕಂದಕವನ್ನು ರಿಚರ್ಡ್ ನಿಕ್ಸನ್ನರು ಗುರುತಿಸಿದರು. ಅದೇ ತಿಂಗಳು ಆ ಕೆಲಸಗಾರರ ಸಂಘಗಳ ಮುಖಂಡರನ್ನು ಶ್ವೇತಭವನಕ್ಕೆ ಬರಮಾಡಿಕೊಂಡು ಅವರಿತ್ತ ಶಿರಸ್ತ್ರಾಣವನ್ನು ಸ್ವೀಕರಿಸಿದರು. 1980ರಲ್ಲಿ ವಿಮಾನ ಸಂಚಾರ ನಿಯಂತ್ರಕರ ಸಂಘ ರೊನಾಲ್ಡ್ ರೇಗನ್ನರನ್ನು ಬೆಂಬಲಿಸಿತು. ಮರುವರ್ಷ ಆಗಸ್ಟಿನಲ್ಲಿ ಅದು ಮುಷ್ಕರ ಹೂಡಿದಾಗ ಅವರು ಹನ್ನೊಂದು ಸಾವಿರಕ್ಕೂ ಮಿಕ್ಕ ನಿಯಂತ್ರಕರನ್ನು ಕೆಲಸದಿಂದ ಕಿತ್ತೊಗೆದರು. ಆ ಪಕ್ಷ ಕೆಲಸಗಾರನಿಗೆ ಕೊಟ್ಟದ್ದು ಮನ್ನಣೆ. ಅವನಿಂದ ಕಿತ್ತುಕೊಂಡದ್ದು ಕೈಬಲ.

4

ಓಹಾಯೋ ಸಂಸ್ಥಾನದ ಯಂಗ್ಸ್‌ಟೌನ್ ಪಟ್ಟಣದ ಮುಂದೆ ತುಸು ನಿಲ್ಲೋಣ. ಮಹೋನಿಂಗ್ ನದಿಯ ಕಣಿವೆಯಲ್ಲಿ ಮೈಲಿಗಟ್ಟಲೆ ಉಕ್ಕಿನ ಕಾರ್ಖಾನೆಗಳಿದ್ದ ಊರು. 1977ರ ಸೆಪ್ಟೆಂಬರ್ 19ರ ಸೋಮವಾರ ಅಲ್ಲಿಯ ಕ್ಯಾಂಬೆಲ್ ಕಾರ್ಖಾನೆಯನ್ನು ಮುಚ್ಚುವುದಾಗಿ ಕಂಪೆನಿ ಪ್ರಕಟಿಸಿತು. ಸುಮಾರು ಐದು ಸಾವಿರ ಕೆಲಸಗಳು ಹೋದುವು. ಆ ದಿನಕ್ಕೆ ಊರವರು ಕರಾಳ ಸೋಮವಾರವೆಂದು ಹೆಸರಿಟ್ಟರು. ಆಗ ಶ್ವೇತಭವನದಲ್ಲಿಯೂ ಕಾಂಗ್ರೆಸ್ಸಿನಲ್ಲಿಯೂ ಡೆಮಾಕ್ರಟಿಕ್ ಪಕ್ಷವೇ ಇದ್ದಿತು. ಕಾರ್ಖಾನೆಯನ್ನು ಕೆಲಸಗಾರರೂ ಊರವರೂ ಕೂಡಿ ಕೊಂಡು ನಡೆಸುವ ಯೋಜನೆಯೊಂದನ್ನು ಆ ಊರಿನ ಪಾದ್ರಿಗಳೂ ಕೆಲಸಗಾರರೂ ಮುಂದಿಟ್ಟರು. ಅದಕ್ಕೆ ಬೇಕಾದ ಸಾಲದ ಜಾಮೀನನ್ನು ಕೊಡಲು ಸರ್ಕಾರ ಒಪ್ಪಲಿಲ್ಲ. 1993ರಲ್ಲಿ ಮೆಕ್ಸಿಕೋ ಕೆನಡಾಗಳೊಡನೆ ಸುಂಕವಿಲ್ಲದ ವ್ಯಾಪಾರದ ಒಪ್ಪಂದವನ್ನು ಬಿಲ್ ಕ್ಲಿಂಟನ್ನರು ಮುಂದೆ ನಿಂತು ಸಾಗಿಸಿದರು. ಪ್ರತಿನಿಧಿ ಸಭೆಯಲ್ಲಿ ಅವರ ಪಕ್ಷದವರೇ ಹೆಚ್ಚು ಮಂದಿ ಅದನ್ನು ವಿರೋಧಿಸಿದ್ದರು.

ಇಷ್ಟಾದರೂ ಮಹೋನಿಂಗ್ ಜಿಲ್ಲೆ ತನ್ನ ಹಳೆಯ ಪಕ್ಷವನ್ನು ಒಡನೆಯೇ ಕೈಬಿಡಲಿಲ್ಲ. 2017ರ ಜುಲೈ ತಿಂಗಳಲ್ಲಿ ಡೊನಾಲ್ಡ್ ಟ್ರಂಪ್ ಅವರು ಯಂಗ್ಸ್‌ಟೌನಿಗೆ ಬಂದು, ಕೆಲಸಗಳೆಲ್ಲ ಮರಳಿ ಬರುತ್ತಿವೆ, ಮನೆಗಳನ್ನು ಮಾರಬೇಡಿ ಎಂದರು. 2019ರ ಮಾರ್ಚ್ ತಿಂಗಳಲ್ಲಿ ಅಲ್ಲಿಗೆ ಸಮೀಪದ ಲಾರ್ಡ್ಸ್‌ಟೌನಿನ ಜನರಲ್ ಮೋಟರ್ಸ್ ಕಾರ್ಖಾನೆಯಲ್ಲಿ ಕಾರಿನ ತಯಾರಿಕೆ ನಿಂತುಹೋಯಿತು. ಮಾತು ಸುಳ್ಳಾಯಿತು, ಆದರೂ 2020ರಲ್ಲಿ, 1972ರ ತರುವಾಯ ಮೊದಲ ಬಾರಿಗೆ, ಆ ಜಿಲ್ಲೆ ರಿಪಬ್ಲಿಕನ್ ಅಭ್ಯರ್ಥಿಗೆ ಬಹುಮತವಿತ್ತಿತು. ಈ ಮತದಾರರನ್ನು ಮೂಢರೆಂದೋ ದ್ವೇಷಿಗಳೆಂದೋ ತಳ್ಳಿಹಾಕುವವರೊಡನೆ ನನಗೆ ಸಹಮತವಿಲ್ಲ. ವರ್ಣದ್ವೇಷ ಆ ರಾಜಕೀಯದಲ್ಲಿ ಇಲ್ಲವೆಂದು ನಾನು ಹೇಳಲಾರೆ. ಅದನ್ನು ಬೇಕೆಂದೇ ಕೆರಳಿಸಿದವರ ಅಪರಾಧ ದೊಡ್ಡದು. ಆದರೆ ಅದೇ ಕಣಿವೆಯ ಬಿಳಿಯ ಕೆಲಸಗಾರರು ಎರಡು ಬಾರಿ ಒಬಾಮ ಅವರ ಗೆಲುವಿಗೆ ಹೆಗಲು ಕೊಟ್ಟಿದ್ದರೆಂಬುದನ್ನು ಮರೆಯಲಾಗದು.

ಹಾಗಿದ್ದರೆ ನಡುವೆ ಕಳೆದುಹೋದುದೇನು? ಲೇನಿ ನ್ಯೂಮನ್ ಮತ್ತು ತೀಡಾ ಸ್ಕಾಚ್‌ಪೊಲ್ ಎಂಬ ವಿದ್ವಾಂಸರು ಪಶ್ಚಿಮ ಪೆನ್ಸಿಲ್ವೇನಿಯದ ಉಕ್ಕಿನ ಊರುಗಳನ್ನು ಅಭ್ಯಸಿಸಿ 2023ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದಕ್ಕೆ ಸಮಾಧಾನವಿದೆ. ಹಿಂದೆ ಸಂಘದ ಸಭಾಂಗಣದಲ್ಲಿಯೇ ಮದುವೆಯ ಔತಣ, ಅಲ್ಲಿಯೇ ಮಕ್ಕಳ ಆಟಕೂಟ, ಪಾಳಿ ಮುಗಿದ ಮೇಲಿನ ಹರಟೆ. ಯಾರಿಗೆ ಮತ ಹಾಕಬೇಕೆಂಬ ಮಾತನ್ನೂ ಕೆಲಸಗಾರನು ಅಲ್ಲಿ ತನ್ನ ಪಕ್ಕದ ಯಂತ್ರದವನ ಬಾಯಿಂದಲೇ ಕೇಳುತ್ತಿದ್ದನು. ಆ ಸಭಾಂಗಣಗಳು ಮುಚ್ಚಿದ ಮೇಲೆ ಬಂದೂಕಿನ ಕ್ಲಬ್ಬುಗಳೂ ಹೊಸ ಚರ್ಚುಗಳೂ ಆ ಸ್ಥಳವನ್ನು ತುಂಬಿದುವು. ಪಕ್ಷವು ಕೆಲಸಗಾರನಿಗೆ ನಾಲ್ಕು ವರ್ಷಕ್ಕೊಮ್ಮೆ ದೂರದರ್ಶನದಲ್ಲಿ ಕಾಣಿಸಿಕೊಳ್ಳುವ ಅಪರಿಚಿತನಾಯಿತು. ಸಂಘವನ್ನು ಕಾಯದ ಪಕ್ಷ ತನ್ನ ನಾಲಗೆಯನ್ನೇ ಕಳೆದುಕೊಂಡಿತು.

ಜೋ ಬೈಡನ್ ಅವರ ಅನುಭವವೂ ಇದನ್ನೇ ಸ್ಥಿರಪಡಿಸುತ್ತದೆ. 2022ರ ಡಿಸೆಂಬರಿನಲ್ಲಿ ಅವರ ಸರ್ಕಾರ ಲಾರಿ ಚಾಲಕರ ಸಂಘದ ಮುಳುಗುತ್ತಿದ್ದ ಪಿಂಚಣಿ ನಿಧಿಯೊಂದಕ್ಕೆ 3,600 ಕೋಟಿ ಡಾಲರುಗಳನ್ನು ಒದಗಿಸಿತು. 2023ರ ಸೆಪ್ಟೆಂಬರ್ 26ರಂದು ಮಿಷಿಗನ್ನಿನಲ್ಲಿ ಮುಷ್ಕರನಿರತ ಮೋಟಾರು ಕೆಲಸಗಾರರ ಸಾಲಿನಲ್ಲಿ ಅವರೇ ಬಂದು ನಿಂತರು. ಅಧಿಕಾರದಲ್ಲಿರುವ ಅಧ್ಯಕ್ಷರೊಬ್ಬರು ಹಾಗೆ ನಿಂತುದು ಅದೇ ಮೊದಲು. ಆದರೂ 2024ರಲ್ಲಿ ಲಾರಿ ಚಾಲಕರ ಸಂಘ ಯಾರನ್ನೂ ಬೆಂಬಲಿಸದೆ ಉಳಿಯಿತು. ಅಂತಿಮ ಎಣಿಕೆಯಲ್ಲಿ ಟ್ರಂಪ್ ಅವರು 312 ಚುನಾಯಕ ಮತಗಳಿಂದ ಗೆದ್ದರು. ಕೆಲಸಗಾರರಿಗೆ ಕೃತಜ್ಞತೆಯಿಲ್ಲವೆಂದು ಕೆಲವರು ಹಳಿದರು. ಉಳಿದುಕೊಂಡ ಪಿಂಚಣಿ ಕಣ್ಣಿಗೆ ಕಾಣುವಂಥದಲ್ಲ, ಏರಿದ ದಿನಸಿಯ ಬೆಲೆ ದಿನವೂ ಕಾಣುವಂಥದು. ಕಾಣದುದನ್ನು ಕಾಣಿಸಿಕೊಡಬಲ್ಲ ಸಂಘವೇ ಇಲ್ಲದ ಕಡೆ ಸಾಧನೆಯ ಸುದ್ದಿ ಮನೆ ಬಾಗಿಲನ್ನು ಮುಟ್ಟುವುದಾದರೂ ಹೇಗೆ?

5

ಶ್ರಮಿಕನೆಂದೊಡನೆ ಉಕ್ಕಿನ ಕಾರ್ಖಾನೆಯ ಬಿಳಿಯ ಗಂಡಸನ್ನೇ ಚಿತ್ರಿಸಿಕೊಳ್ಳುವ ಅಭ್ಯಾಸ ಅಲ್ಲಿಯ ಪತ್ರಕರ್ತರಿಗಿದೆ. ಇಂದಿನ ಶ್ರಮಿಕಳು ಮುದುಕರ ಮನೆಗೆ ಹೋಗಿ ಅವರನ್ನು ಮೀಯಿಸಿ ಉಣ್ಣಿಸುವ ಕಪ್ಪು ಹೆಂಗಸು, ಲಾಸ್ ವೇಗಸ್ಸಿನ ಹೋಟೆಲಿನಲ್ಲಿ ಹಾಸಿಗೆ ಸರಿಪಡಿಸುವ ಮೆಕ್ಸಿಕೋ ಮೂಲದ ತಾಯಿ, ಉಗ್ರಾಣದಲ್ಲಿ ಗಡಿಯಾರದ ಮುಳ್ಳಿನೊಡನೆ ಓಡುವ ತರುಣಿ. ಡೆಟ್ರಾಯಿಟ್ ನಗರದ ಕ್ಷೇತ್ರದಿಂದ 2022ರಲ್ಲಿ ಪ್ರತಿನಿಧಿ ಸಭೆಗೆ ಆಯ್ಕೆಯಾದವರು ನಮ್ಮ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ ಎಂಬುದನ್ನು ನೆನೆದರೆ ಆ ಸಮಾಜ ಎಷ್ಟು ಬದಲಾಗಿದೆಯೆಂಬುದು ತಿಳಿದೀತು. ಇವರೆಲ್ಲರಿಗೂ ಸಮಾನವಾದುದು ಒಂದೇ: ಒಂಟಿಯಾಗಿ ನಿಂತಾಗ ಒಡೆಯನೆದುರು ಅವರಿಗೆ ಬಲವಿಲ್ಲ. ಕೇಂದ್ರ ಶಾಸನದ ಕನಿಷ್ಠ ಕೂಲಿ 2009ರ ಜುಲೈ ತಿಂಗಳಿನಿಂದ ಗಂಟೆಗೆ 7.25 ಡಾಲರಿನಲ್ಲೇ ನಿಂತಿದೆಯೆಂಬುದು ಅವರ ದೌರ್ಬಲ್ಯಕ್ಕೆ ಅಳತೆಗೋಲು.

ಆದುದರಿಂದ ನಾನು ಒಲಿದ ಪಕ್ಷಕ್ಕೆ ನನ್ನ ಬಿನ್ನಹ ಇಷ್ಟು: ಅಧಿಕಾರ ಮುಂದೊಮ್ಮೆ ಕೈಗೆ ಬಂದಾಗ, ಬಹುಮತದ ಬಿಸಿ ಆರುವ ಮುನ್ನ, ಸಂಘ ಕಟ್ಟುವ ಹಕ್ಕಿನ ಶಾಸನವನ್ನು ಎಲ್ಲಕ್ಕಿಂತ ಮೊದಲು ಕೈಗೆತ್ತಿಕೊಳ್ಳಲಿ, ಸೆನೆಟ್ಟಿನ ನಿಯಮ ಅಡ್ಡ ಬಂದರೆ ಆ ನಿಯಮವನ್ನೇ ಬದಲಾಯಿಸಲಿ. ಹೊಲದವರನ್ನೂ ಮನೆಗೆಲಸದವರನ್ನೂ 1935ರಲ್ಲಿ ಹೊರಗಿಟ್ಟ ತಪ್ಪನ್ನು ಅದೇ ಶಾಸನದಲ್ಲಿ ತಿದ್ದಲಿ. ಉಳಿದ ಸುಧಾರಣೆಗಳಿಗೆ ಬೇಕಾಗುವ ಜನಬಲ ಇದೊಂದರಿಂದಲೇ ಹುಟ್ಟಬೇಕಾದುದು.

ದುಡಿಯುವ ಜನರಿಗೂ ಒಂದು ಮಾತು ಸಲ್ಲುತ್ತದೆ. 1935ರ ಶಾಸನವನ್ನು ತಂದುದು 1932ರ ಮತವೊಂದೇ ಅಲ್ಲ, 1934ರ ಮುಷ್ಕರಗಳೂ ಹೌದು. 1948ರ ಮತ ಶಾಸನವಾಗದೆ ಹೋದುದಕ್ಕೆ ಗೆದ್ದವರ ಉದಾಸೀನವೆಷ್ಟು ಕಾರಣವೋ ಗೆಲ್ಲಿಸಿದವರು ನವೆಂಬರಿನ ಬಳಿಕ ಸುಮ್ಮನಾದುದೂ ಅಷ್ಟೇ ಕಾರಣ. ಮತ ಕೊಟ್ಟ ದಿನ ಬೇಡಿಕೆ ಮುಗಿಯುವುದಿಲ್ಲ, ಅಂದಿಗೆ ಅದು ದಾಖಲಾಗುತ್ತದೆ. ದಾಖಲಾದ ಬೇಡಿಕೆಯನ್ನು ಕಾರ್ಖಾನೆಯಲ್ಲಿ, ಬೀದಿಯಲ್ಲಿ, ಶಾಸನಸಭೆಯ ಮೊಗಸಾಲೆಯಲ್ಲಿ ವರ್ಷವಿಡೀ ಸಾಧಿಸಿಕೊಳ್ಳುವ ಸಂಘಶಕ್ತಿ ಇರುವವರೆಗೆ ಮಾತ್ರ ಅಧ್ಯಕ್ಷರ ವಾಗ್ದಾನಕ್ಕೆ ಬೆಲೆಯುಂಟು. ಆ ಶಕ್ತಿಯನ್ನು ಮರಳಿ ಕಟ್ಟುವ ಕೆಲಸ ಅಭ್ಯರ್ಥಿಗಾಗಿ ಕಾಯದೆ ಇಂದೇ ಆರಂಭವಾಗತಕ್ಕದ್ದು.